ಗಾಜು ಒಡೆಯೋಕೆ ಯಾರ ಪರ್ಮಿಷನ್ ಬೇಕು?

ಮೂರನೇ ಸೆಮಿಸ್ಟರ್‌ನ ಮೆಟೀರಿಯಲ್ ಸೈನ್ಸ್ ಪೇಪರ್‌ನಲ್ಲಿ ಟಫನ್ಡ್ ಗ್ಲಾಸ್ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಎರಡು ಪುಟ ಬರೆದೆ, ಸ್ಟ್ರೆಸ್ ಹಂಚಿಕೆಯ ಚಿತ್ರ ಹಾಕಿದೆ, ಮುಖ್ಯವಾದ ಪದಗಳಿಗೆ ಅಡಿಗೆರೆ ಎಳೆದೆ. ಮಾರ್ಕ್ಸೂ ಚೆನ್ನಾಗೇ ಬಂತು. ಅದಾಗಿ ಮೂರು ತಿಂಗಳಿಗೆ, ಏಪ್ರಿಲ್‌ನ ಒಂದು ಮಧ್ಯಾಹ್ನ, ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಮುಂದೆ ಅದೇ ಟಫನ್ಡ್ ಗ್ಲಾಸ್‌ನ ಈ ಕಡೆ ನಾನು ನಿಂತಿದ್ದೆ. ಆ ಕಡೆ ನನ್ನ ಅಕ್ಕನ ಮಗ. ಅವನಿಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಕಾರಿನ ಕೀ ಅವನ ಕೈಯಲ್ಲೇ ಇತ್ತು.

ಆಗಿದ್ದಿಷ್ಟು. ಊಟ ಮುಗಿಸಿ ಹೊರಟಿದ್ವಿ. ಮಗು ಹಟ ಮಾಡ್ತಿತ್ತು. ಸುಮ್ಮನಾಗಲಿ ಅಂತ ಅಕ್ಕ ಕೀ ಅವನ ಕೈಗೆ ಕೊಟ್ಟು, ಹಿಂದಿನ ಸೀಟಲ್ಲಿ ಕೂರಿಸಿ ಬಾಗಿಲು ಹಾಕಿದಳು. ತಾಂಬೂಲದ ಚೀಲಗಳನ್ನ ಡಿಕ್ಕಿಗೆ ಹಾಕೋಕೆ ಅಂತ ಹಿಂದಕ್ಕೆ ಬಂದಳು, ಅಷ್ಟೇ. ಒಳಗಿಂದ ಅವನು ಬಟನ್ ಒತ್ತಿದ. 'ಟಕ್' ಅಂತ ನಾಲ್ಕೂ ಬಾಗಿಲು, ಡಿಕ್ಕಿ, ಎಲ್ಲ ಲಾಕ್. ಮೊದಲು ಎಲ್ಲರೂ ನಕ್ಕರು. "ಇನ್ನೊಂದ್ಸಲ ಒತ್ತು ಕಂದಾ" ಅಂತ ಗಾಜಿನ ಹೊರಗಿಂದ ಆಕ್ಟಿಂಗ್ ಮಾಡಿ ತೋರಿಸಿದ್ವಿ. ಅವನೂ ನಕ್ಕ. ಆಮೇಲೆ ಕೀ ಕೈಜಾರಿ ಸೀಟಿನ ಕೆಳಗೆ ಹೋಯ್ತು.

ಭಾವ ತಕ್ಷಣ ಫೋನ್ ತೆಗೆದರು. ಇನ್ನೊಂದು ಕೀ ಹರಿಹರದ ಮನೆಯಲ್ಲಿತ್ತು. "ನನ್ ತಮ್ಮ ಬೈಕಲ್ಲಿ ತರ್ತಾನೆ, ಅರ್ಧ ಗಂಟೆ ಅಷ್ಟೇ" ಅಂದರು. ಅಷ್ಟರಲ್ಲಿ ಹತ್ತು ಜನ ಸೇರಿದ್ರು. ಒಬ್ಬರು ಸ್ಟೀಲ್ ಸ್ಕೇಲ್ ತರಿಸಿ ಗಾಜಿನ ಸಂದಿಗೆ ತೂರಿಸ್ತಿದ್ರು. ಇನ್ನೊಬ್ಬರು ಯೂಟ್ಯೂಬ್ ನೋಡ್ತಿದ್ರು. ನಾನು ಒಂದ್ಸಲ ಮೆಲ್ಲಗೆ "ಗಾಜು ಒಡೆದುಬಿಡೋಣವಾ ಭಾವ?" ಅಂದೆ. ಪಕ್ಕದಲ್ಲಿದ್ದ ದೊಡ್ಡಪ್ಪ, "ಹೊಸ ಕಾರು ಕಣೋ, ಮೂರು ತಿಂಗಳೂ ಆಗಿಲ್ಲ, ಕೀ ಬರ್ತಾ ಇದೆಯಲ್ಲ" ಅಂದರು. ನಾನು ಸುಮ್ಮನಾದೆ.

ಒಳಗೆ ಮಗು ಅಳೋಕೆ ಶುರು ಮಾಡಿದ್ದ. ಜೋರಾಗಿ ಅತ್ತ. ಆಮೇಲೆ ಅಳು ಕಮ್ಮಿ ಆಯ್ತು. ಆಗ ಯಾರೋ, "ನೋಡಿ, ಸುಮ್ಮನಾದ" ಅಂದರು. ಸುತ್ತ ನಿಂತಿದ್ದವರಿಗೆಲ್ಲ ಸ್ವಲ್ಪ ಸಮಾಧಾನ. ಆ ಮಾತು ಈಗ ನೆನಪಾದ್ರೂ ನನಗೆ ಕೈ ನಡುಗುತ್ತೆ. ಅವನು ಸಮಾಧಾನ ಆಗಿ ಸುಮ್ಮನಾಗಿರಲಿಲ್ಲ. ಅಳೋಕೆ ಶಕ್ತಿ ಉಳಿದಿರಲಿಲ್ಲ. ಮುಖ ಕೆಂಪಗಾಗಿ, ತಲೆ ಸೀಟಿಗೆ ವಾಲಿತ್ತು.

ಆಗ ನಾನು ಒಂದು ಕಲ್ಲು ಎತ್ಕೊಂಡು ಹೊಡೆದೆ. ಎಲ್ಲಿಗೆ? ಮುಂದಿನ ವಿಂಡ್‌ಶೀಲ್ಡ್‌ಗೆ! ಎಲ್ಲಕ್ಕಿಂತ ದೊಡ್ಡ ಗಾಜು ಅದೇ ಕಂಡಿತ್ತು. ಜೇಡರ ಬಲೆ ಥರ ಬಿರುಕು ಬಿಡ್ತು, ಅಷ್ಟೇ. ಇನ್ನೊಂದ್ಸಲ ಹೊಡೆದೆ. ಇನ್ನೊಂದು ಬಲೆ.

ಎದುರುಗಡೆ ಪಂಕ್ಚರ್ ಅಂಗಡಿಯವನು ಸದ್ದು ಕೇಳಿ ಓಡಿ ಬಂದ. ಕೈಯಲ್ಲಿ ವೀಲ್ ಸ್ಪ್ಯಾನರ್. "ಮಗಾ ಯಾವ ಕಡೆ ಐತಿ?" ಅಂತ ಒಂದೇ ಪ್ರಶ್ನೆ ಕೇಳಿದ. ಮಗು ಇದ್ದದ್ದು ಎಡಗಡೆ ಹಿಂದೆ. ಅವನು ಡ್ರೈವರ್ ಕಡೆಗೆ ಹೋಗಿ, ಮುಖ ಆಚೆ ತಿರುಗಿಸಿ, ಸ್ಪ್ಯಾನರ್‌ನ ಚೂಪು ತುದಿಯಿಂದ ಕಿಟಕಿಯ ಕೆಳಗಿನ ಮೂಲೆಗೆ ಎರಡು ಏಟು ಕೊಟ್ಟ. ಇಡೀ ಗಾಜು ಕಲ್ಲುಸಕ್ಕರೆ ಥರ ಉದುರಿತು. ಕೈ ಹಾಕಿ ಒಳಗಿನ ಹ್ಯಾಂಡಲ್ ಎಳೆದ. ಒಟ್ಟು ಅರ್ಧ ನಿಮಿಷದ ಕೆಲಸ. ದೊಡ್ಡಪ್ಪ ಏನೋ ಹೇಳೋಕೆ ಹೋದಾಗ, "ಗ್ಲಾಸ್ ನಾಳೆ ಬರ್ತತಿ ಯಜಮಾನ್ರೇ" ಅಂದು ಅಂಗಡಿಗೆ ವಾಪಸ್ ಹೋದ.

ಮಗು ಉಳಿದ. ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸಂಜೆ ಹೊತ್ತಿಗೆ ಬಿಸ್ಕೆಟ್ ತಿಂತಾ ಇದ್ದ. ಹರಿಹರದ ಕೀ ಮಂಟಪ ತಲುಪಿದಾಗ ಫೋನ್ ಮಾಡಿ ಐವತ್ತು ನಿಮಿಷ ಆಗಿತ್ತಂತೆ. ದಾರೀಲಿ ಟ್ರಾಫಿಕ್.

ಇದನ್ನ ಬರೀತಿರೋದು "ಓದಿದವನಿಗೆ ಗೊತ್ತಾಗ್ಲಿಲ್ಲ, ಪಂಕ್ಚರ್ ಹಾಕೋನಿಗೆ ಗೊತ್ತಾಯ್ತು" ಅನ್ನೋ ಹಳೇ ಕತೆ ಹೇಳೋಕಲ್ಲ. ಗಾಜು ಹೇಗೆ ಒಡೆಯುತ್ತೆ ಅನ್ನೋದು ನನಗೂ ಗೊತ್ತಿತ್ತು, ತಲೆ ಕೆಟ್ಟು ತಪ್ಪು ಗಾಜಿಗೆ ಹೊಡೆದೆ. ಅದಕ್ಕಿಂತ ದೊಡ್ಡ ತಪ್ಪು ಅದಕ್ಕೆ ಮುಂಚೆ ಆಗಿತ್ತು. ಹತ್ತು ಜನ ಇಪ್ಪತ್ತು ನಿಮಿಷ ಕಾದಿದ್ವಿ. ಯಾಕೆ ಕಾದ್ವಿ? ಒಡೆಯೋ ನಿರ್ಧಾರ ಯಾರದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಇಂಥ ನಿರ್ಧಾರವನ್ನ ಆ ಕ್ಷಣದಲ್ಲಿ ಮಾಡೋಕೆ ಆಗಲ್ಲ, ಮೊದಲೇ ಮಾಡಿಟ್ಟುಕೊಂಡಿರಬೇಕು. ಮತ್ತೆ, ಮುಂದೆ ಕಾರಿನ ಬಾಗಿಲು ಡಿಸೈನ್ ಮಾಡೋಕೆ ಹೋಗೋ ನಾವು, ಇಂಥ ನಿರ್ಧಾರದ ಅಗತ್ಯವೇ ಬರದ ಹಾಗೆ ಬಾಗಿಲು ಮಾಡಬೇಕು.

ಅರ್ಧ ಗಂಟೆ ಅಂದ್ರೆ ಎಷ್ಟು?

"ಅರ್ಧ ಗಂಟೆ ಅಷ್ಟೇ" ಅನ್ನೋ ಮಾತನ್ನ ಸ್ವಲ್ಪ ಲೆಕ್ಕ ಹಾಕೋಣ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಮೂಲಕ ಬೆಳಕು ಒಳಗೆ ಬರುತ್ತೆ. ಡ್ಯಾಶ್‌ಬೋರ್ಡು, ಸೀಟು ಕಾಯುತ್ತೆ. ಅವು ಒಳಗಿನ ಗಾಳಿಯನ್ನ ಕಾಯಿಸುತ್ತವೆ. ಆ ಗಾಳಿಗೆ ಹೊರಗೆ ಹೋಗೋಕೆ ದಾರಿಯಿಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಸೇರಿ ಇದನ್ನ ಅಳತೆ ಮಾಡಿ ಪ್ರಕಟಿಸಿದ್ರು. ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ಬೇರೆಬೇರೆ ದಿನ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಗಮನಿಸಬೇಕಾದ್ದು ಇದು: ಆ ಏರಿಕೆಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಕಿಟಕಿಯನ್ನ ಒಂದೂವರೆ ಇಂಚು ಇಳಿಸಿಟ್ಟರೂ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ.

ಅಂದ್ರೆ ನಾವು ಕೀಗೋಸ್ಕರ ಕಾಯ್ತಿದ್ದ ಅರ್ಧ ಗಂಟೆ ಎಲ್ಲಕ್ಕಿಂತ ಕೆಟ್ಟ ಅರ್ಧ ಗಂಟೆ. ಅದರ ಮೇಲೆ, ಮಕ್ಕಳ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯಾಗುತ್ತೆ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ತೂಕ ಕಮ್ಮಿ, ಅದಕ್ಕೆ ಹೋಲಿಸಿದ್ರೆ ಚರ್ಮದ ವಿಸ್ತೀರ್ಣ ಜಾಸ್ತಿ. ಹಾಗಾಗಿ "ನಮಗೇ ಇಷ್ಟು ಸೆಕೆ, ಅವನು ಸ್ವಲ್ಪ ಹೊತ್ತು ತಡ್ಕೋತಾನೆ" ಅನ್ನೋ ಅಂದಾಜು ಪೂರಾ ತಲೆಕೆಳಗು.

ಹಾಗಾಗಿ ನನ್ನ ನಿಯಮ ಈಗ ಸರಳ. ಬಿಸಿಲಲ್ಲಿ ನಿಂತ ಕಾರಲ್ಲಿ ಮಗು ಸಿಕ್ಕಿಕೊಂಡಿದೆಯಾ? ಒಬ್ಬರು 112ಕ್ಕೆ ಫೋನ್ ಮಾಡ್ಲಿ, ಒಬ್ಬರು ಎಲ್ಲ ಬಾಗಿಲು ಎಳೆದು ನೋಡ್ಲಿ, ಇಬ್ಬರು ಮಗು ಇರೋ ಕಡೆ ಬಟ್ಟೆ ಹಿಡಿದು ನೆರಳು ಮಾಡ್ಲಿ. ಐದು ನಿಮಿಷದಲ್ಲಿ ಬಾಗಿಲು ತೆಗೆಯೋ ದಾರಿ ಕಾಣದಿದ್ರೆ ಗಾಜು ಹೋಗಬೇಕು. ಮಗು ಮಂಕಾಗಿದ್ರೆ ಆ ಐದು ನಿಮಿಷವೂ ಇಲ್ಲ.

ಯಾವ ಗಾಜು, ಯಾವ ಮೂಲೆ

ಸೈಡ್ ಗ್ಲಾಸ್‌ಗಳು ಸಾಮಾನ್ಯವಾಗಿ ಟಫನ್ಡ್. ಗಾಜನ್ನ 600 ಡಿಗ್ರಿಗಿಂತ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ದಿಢೀರ್ ಅಂತ ತಣಿಸ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತೆ. ಒಳಗಿನದ್ದು ಆಮೇಲೆ ತಣಿದು ಕುಗ್ಗುವಾಗ ಮೇಲ್ಮೈಯನ್ನ ಒಳಕ್ಕೆ ಎಳೆಯುತ್ತೆ. ಹೀಗೆ ಮೇಲ್ಮೈ ಕಂಪ್ರೆಷನ್‌ನಲ್ಲಿ, ಒಡಲು ಟೆನ್ಷನ್‌ನಲ್ಲಿ ಉಳಿದುಬಿಡುತ್ತೆ. ಅದಕ್ಕೇ ಈ ಗಾಜು ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದ್ರೆ ಒಂದೇ ಒಂದು ಬಿರುಕು ಆ ಕಂಪ್ರೆಷನ್ ಪದರ ದಾಟಿ ಒಳಗೆ ಮುಟ್ಟಿದ್ರೆ ಸಾಕು, ಒಳಗೆ ಕಟ್ಟಿಟ್ಟ ಶಕ್ತಿಯೆಲ್ಲ ಬಿಡುಗಡೆಯಾಗಿ ಇಡೀ ಗಾಜು ಪುಡಿ.

ಕಲ್ಲಿನಿಂದ ನಡುಮಧ್ಯಕ್ಕೆ ಹೊಡೆದ್ರೆ ಗಾಜು ಬಾಗಿ ಏಟನ್ನ ಹೀರಿಕೊಳ್ಳುತ್ತೆ, ಬಲವೂ ಅಗಲಕ್ಕೆ ಹಂಚಿಹೋಗುತ್ತೆ. ಚೂಪಾದ, ಗಟ್ಟಿಯಾದ ತುದಿಯಿಂದ ಮೂಲೆಗೆ ಹೊಡೆದ್ರೆ ಬಾಗೋಕೆ ಜಾಗ ಇಲ್ಲ, ಬಲವೆಲ್ಲ ಒಂದೇ ಬಿಂದುವಿನಲ್ಲಿ. ಪಂಕ್ಚರ್ ಅಂಗಡಿಯವನು ಮಾಡಿದ್ದು ಇದನ್ನೇ. ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿಯ ಒಂದು ಚೂರು ಗಾಜು ಒಡೆಯೋದೂ ಇದೇ ಕಾರಣಕ್ಕೆ. ಅದು ಅಲ್ಯುಮಿನಾ, ಗಾಜಿಗಿಂತ ಎಷ್ಟೋ ಗಟ್ಟಿ. ಅದರ ಚೂಪು ಅಂಚು ಕಂಪ್ರೆಷನ್ ಪದರವನ್ನ ಸೀಳಿಬಿಡುತ್ತೆ.

ವಿಂಡ್‌ಶೀಲ್ಡ್ ಹಾಗಲ್ಲ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಡುತ್ತೆ, ದಾರಿ ಬಿಡಲ್ಲ. ಹಾಗೆ ಮಾಡಿರೋದೇ ಆಕ್ಸಿಡೆಂಟ್‌ನಲ್ಲಿ ಒಳಗಿದ್ದವರು ಹೊರಗೆ ಎಸೆದುಹೋಗಬಾರದು ಅಂತ. ಈಗ ಕೆಲವು ಕಾರುಗಳಲ್ಲಿ ಸೈಡ್ ಗ್ಲಾಸ್ ಕೂಡ ಲ್ಯಾಮಿನೇಟೆಡ್ ಬರ್ತಿದೆ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2019ರಲ್ಲಿ ಕಾರಿನಿಂದ ಪಾರಾಗೋಕೆ ಅಂತ ಮಾರುವ 6 ಉಪಕರಣಗಳನ್ನ ಪರೀಕ್ಷೆ ಮಾಡಿತು. ಟಫನ್ಡ್ ಗಾಜನ್ನ 4 ಒಡೆದವು. ಲ್ಯಾಮಿನೇಟೆಡ್ ಗಾಜನ್ನ ಒಂದೂ ಒಡೆಯಲಿಲ್ಲ. ಸ್ಪ್ರಿಂಗ್ ಇರುವ ಪಂಚ್ ಮಾದರಿ ಸುತ್ತಿಗೆ ಮಾದರಿಗಿಂತ ಚೆನ್ನಾಗಿ ಕೆಲಸ ಮಾಡಿತು. ನೀರೊಳಗೆ ಸುತ್ತಿಗೆ ಬೀಸೋಕೂ ಆಗಲ್ಲ.

ನಿಮ್ಮನೆ ಕಾರಿನದ್ದು ಯಾವ ಗಾಜು? ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತೆ, ಹೋಗಿ ನೋಡಿ. ಮೂರು ವರ್ಷದಿಂದ ಆ ಕಾರಲ್ಲಿ ಓಡಾಡಿದ್ರೂ ನಾವ್ಯಾರೂ ಅದನ್ನ ಓದಿರಲ್ಲ.

ಇನ್ನೊಂದು ವಿಷಯ. "ಹೆಡ್‌ರೆಸ್ಟ್ ಕಿತ್ತು ಬರೋ ಹಾಗೆ ಮಾಡಿರೋದೇ ಗಾಜು ಒಡೆಯೋಕೆ" ಅನ್ನೋ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಅದನ್ನ ಮಾಡಿರೋದು ಹಿಂದಿನಿಂದ ಗುದ್ದಿದಾಗ ಕತ್ತು ಉಳಿಸೋಕೆ. ಬೇರೇನೂ ಸಿಗದಿದ್ರೆ ಅದರ ಕಂಬಿಯನ್ನ ಗಾಜಿನ ಬುಡದ ಸಂದಿಗೆ ತೂರಿಸಿ ಮೀಟಿ ನೋಡಬಹುದು, ಆದ್ರೆ ಅದೇ ನಿಮ್ಮ ಪ್ಲಾನ್ ಆಗಬಾರದು. ಎಷ್ಟೋ ಕಾರುಗಳಲ್ಲಿ ಹೆಡ್‌ರೆಸ್ಟ್ ಕೀಳೋಕೇ ಬರಲ್ಲ.

ನೀರು ಬಂದಾಗ

ಹೊರಗಿಂದ ಒಳಗೆ ಹೋಗೋ ಕತೆ ಆಯ್ತು. ಒಳಗಿಂದ ಹೊರಗೆ ಬರೋದು ಇನ್ನೂ ಕಷ್ಟ, ಯಾಕಂದ್ರೆ ಅಲ್ಲಿ ಪಂಕ್ಚರ್ ಅಂಗಡಿಯವನೂ ಇರಲ್ಲ.

2023ರ ಮೇ 21ರ ಮಧ್ಯಾಹ್ನ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿತ್ತು. ಆಂಧ್ರದಿಂದ ಊರು ನೋಡೋಕೆ ಬಂದಿದ್ದ ಒಂದು ಕುಟುಂಬದ ಕಾರು ಅದರಲ್ಲಿ ಸಿಕ್ಕಿಕೊಂಡಿತು. ಉಳಿದವರನ್ನ ಕಾಪಾಡಿದ್ರು, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ತೀರಿಕೊಂಡಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದವಳು, ನಮ್ಮ ಸೀನಿಯರ್‌ಗಳ ವಯಸ್ಸು. ಅಲ್ಲಿಂದ ವಿಧಾನಸೌಧ ಹತ್ತಿರ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಇಂಜಿನಿಯರಿಂಗ್ ಕಾಲೇಜು ಅದೇ ಸರ್ಕಲ್‌ನಲ್ಲಿದೆ. ಅವತ್ತಿನ ತಪ್ಪು ಯಾರದ್ದು ಅಂತ ತೀರ್ಪು ಕೊಡೋಕೆ ನಾನು ಹೊರಟಿಲ್ಲ. ಆದ್ರೆ ಇಷ್ಟೊಂದು ಇಂಜಿನಿಯರ್‌ಗಳಿರೋ ಊರಿನ ನಟ್ಟನಡುವೆ, ಹಗಲಲ್ಲಿ, ರಸ್ತೆ ಮೇಲೆ ಒಬ್ಬಳು ನೀರಲ್ಲಿ ಮುಳುಗಿ ಸಾಯಬಹುದು ಅನ್ನೋದನ್ನ ನಾವು ಮರೆಯಬಾರದು.

ಈಗ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ತೆಗೀರಿ. ಬಾಗಿಲಿನ ಅಗಲ 1 ಮೀಟರ್ ಅಂತಿಟ್ಕೊಳ್ಳಿ. ಹೊರಗೆ ನೀರು ಬಾಗಿಲಿನ ತಳದಿಂದ 60 ಸೆಂಟಿಮೀಟರ್ ಮೇಲಿದೆ, ಒಳಗೆ ಇನ್ನೂ ಬಂದಿಲ್ಲ. ಬಾಗಿಲ ಮೇಲಿನ ಒಟ್ಟು ಬಲ ಸುಮಾರು 1,760 ನ್ಯೂಟನ್, ಅಂದ್ರೆ 180 ಕಿಲೋ ತೂಕದಷ್ಟು. ಹಿಂಜ್ ಒಂದು ತುದಿಯಲ್ಲಿದೆ, ನೀವು ತಳ್ಳೋದು ಇನ್ನೊಂದು ತುದಿಯಲ್ಲಿ, ಹಾಗಾಗಿ ನಿಮ್ಮ ಪಾಲಿಗೆ ಅದರ ಅರ್ಧ: 90 ಕಿಲೋ. ಸೀಟಲ್ಲಿ ಕೂತು, ಭುಜ ಕೊಟ್ಟು, 90 ಕಿಲೋ ತಳ್ಳಿ ನೋಡೋಣ! ನೀರು 1 ಮೀಟರ್‌ಗೆ ಏರಿದ್ರೆ ಒಟ್ಟು ಬಲ 500 ಕಿಲೋ. ಆಳ ಎರಡು ಪಟ್ಟಾದ್ರೆ ಬಲ ನಾಲ್ಕು ಪಟ್ಟು. ನಾವು ಪರೀಕ್ಷೆಯಲ್ಲಿ ಡ್ಯಾಮ್ ಗೇಟಿಗೆ ಹಾಕೋ ಲೆಕ್ಕ ಇದು. ಕಾರಿನ ಬಾಗಿಲೂ ಒಂದು ಗೇಟೇ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ಪ್ರೊಫೆಸರ್ ನಿಜವಾದ ಕಾರುಗಳನ್ನ, ಒಳಗೆ ಜನ ಕೂತಿರುವಾಗಲೇ, ನೀರಿಗಿಳಿಸಿ ಪ್ರಯೋಗ ಮಾಡಿದವರು. ಅವರು ಹೇಳೋದು ನಾಲ್ಕು ಮಾತು: ಸೀಟ್‌ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನ ಮೊದಲು ಹೊರಗೆ ಕಳಿಸಿ, ತಕ್ಷಣ ನೀವೂ ಹೊರಡಿ. ನೀರಿಗೆ ಬಿದ್ದ ಕಾರು ಮೊದಲು ಸ್ವಲ್ಪ ಹೊತ್ತು, ಹೆಚ್ಚು ಕಮ್ಮಿ ಒಂದು ನಿಮಿಷ, ತೇಲುತ್ತೆ. ಆ ಹೊತ್ತಲ್ಲಿ ಪವರ್ ವಿಂಡೋ ಕೆಲಸ ಮಾಡುತ್ತೆ. ನೀರು ಕಿಟಕಿಯ ಮಟ್ಟಕ್ಕೆ ಏರಿದ ಮೇಲೆ ಒತ್ತಡಕ್ಕೆ ಗಾಜು ಫ್ರೇಮಿಗೆ ಒತ್ತಿಕೊಂಡು ಇಳಿಯೋದೂ ಕಷ್ಟ. ಆ ಒಂದು ನಿಮಿಷವನ್ನ ಫೋನ್ ಮಾಡೋಕೋ, ಬಾಗಿಲು ತಳ್ಳೋಕೋ ಖರ್ಚು ಮಾಡಿದ್ರೆ ಮುಗೀತು. "ಒಳಗೆ ಪೂರ್ತಿ ನೀರು ತುಂಬಲಿ, ಒತ್ತಡ ಸಮ ಆದ್ಮೇಲೆ ಬಾಗಿಲು ಸಲೀಸಾಗಿ ತೆಗೆಯುತ್ತೆ" ಅಂತ ಹೇಳೋರಿದ್ದಾರೆ. ಥಿಯರಿ ಸರಿಯೇ. ಆದ್ರೆ ಅಲ್ಲೀತನಕ ಉಸಿರು ಹಿಡಿದುಕೊಂಡಿರೋದು ಯಾರು?

ಇಲ್ಲೂ ನನ್ನ ಮಾತು ಅದೇ. ದಾವಣಗೆರೆಯಲ್ಲಿ ನಾವು ಗಾಜಿನ ಬೆಲೆ ನೋಡ್ಕೊಂಡು ನಿಂತ ಹಾಗೆ, ನೀರಲ್ಲಿ ಸಿಕ್ಕವರು "ಕಿಟಕಿ ತೆಗೆದ್ರೆ ನೀರು ಒಳಗೆ ಬರುತ್ತಲ್ಲ" ಅಂತ ನಿಲ್ತಾರೆ. ಬರಲಿ ಬಿಡಿ. ಕಾರು ಮತ್ತೆ ಸಿಗುತ್ತೆ. ಎಲ್ಲಕ್ಕಿಂತ ಮೊದಲನೆಯ ನಿರ್ಧಾರ ಅಂತೂ ನೀರಿಗೆ ಇಳಿಯೋಕೆ ಮುಂಚಿನದ್ದು: ಅಂಡರ್‌ಪಾಸ್‌ನಲ್ಲಿ ನೀರು ಎಷ್ಟಿದೆ ಅಂತ ಕಾಣದಿದ್ರೆ ಡ್ರೈವರ್‌ಗೆ "ಬೇಡ ಅಣ್ಣಾ, ರಿವರ್ಸ್ ತಗೊಳ್ಳಿ" ಅಂತ ಹೇಳೋ ಧೈರ್ಯ.

ಒಂದು ಹ್ಯಾಂಡಲ್‌ನ ಕತೆ

1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನೆಟ್ ಫೆನೆಲ್ ಅನ್ನೋ ಮಹಿಳೆ ಮತ್ತು ಆಕೆಯ ಗಂಡನನ್ನ ದರೋಡೆಕೋರರು ಅವರದ್ದೇ ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದ್ರು. ಹೇಗೋ ಬದುಕಿ ಬಂದ ಆಕೆ ಕೇಳಿದ್ದು ಒಂದು ಸಿಂಪಲ್ ಪ್ರಶ್ನೆ: ಡಿಕ್ಕಿಗೆ ಒಳಗಿನಿಂದ ತೆಗೆಯೋ ಹ್ಯಾಂಡಲ್ ಯಾಕಿಲ್ಲ? 1998ರ ಬೇಸಿಗೆಯಲ್ಲಿ ಅಲ್ಲಿ ಆಟವಾಡ್ತಾ ಡಿಕ್ಕಿಯೊಳಗೆ ಸಿಕ್ಕಿಕೊಂಡು ಕೆಲವೇ ವಾರಗಳಲ್ಲಿ 11 ಮಕ್ಕಳು ಸತ್ತಿದ್ರು. ಆಕೆಯ ಹೋರಾಟದ ಫಲವಾಗಿ 2001ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳ ಡಿಕ್ಕಿಯಲ್ಲಿ ಒಳಗಿನಿಂದ ತೆಗೆಯೋ ವ್ಯವಸ್ಥೆ ಕಡ್ಡಾಯವಾಯ್ತು. ಕತ್ತಲಲ್ಲಿ ಹೊಳೆಯೋ ಒಂದು ಪ್ಲಾಸ್ಟಿಕ್ ಹಿಡಿ, ಒಂದು ಕೇಬಲ್. ಬ್ಯಾಟರಿ ಬೇಡ, ಮ್ಯಾನ್ಯುಯಲ್ ಓದಬೇಕಿಲ್ಲ.

ನನ್ನ ಪ್ರಕಾರ ಒಳ್ಳೆ ಡಿಸೈನ್ ಅಂದ್ರೆ ಅದು. ಈಗ ನಾವು ಹೋಗ್ತಿರೋ ದಿಕ್ಕು ನೋಡಿ. ಬಾಗಿಲಿಗೆ ಮುಚ್ಚಿಕೊಂಡಿರೋ ಹ್ಯಾಂಡಲ್, ಗುಂಡಿ ಒತ್ತಿದ್ರೆ ಮೋಟಾರ್ ಲ್ಯಾಚ್ ತೆಗೆಯುತ್ತೆ. ನೋಡೋಕೆ ಸ್ಟೈಲಾಗಿದೆ, ಡ್ರ್ಯಾಗ್ ಒಂಚೂರು ಕಮ್ಮಿ. ಆದ್ರೆ 12 ವೋಲ್ಟ್ ಸಪ್ಲೈ ಹೋದ್ರೆ? 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಟೆಸ್ಲಾದ 2021ರ ಮಾಡೆಲ್ ವೈ ಕಾರುಗಳ ಹೊರಗಿನ ಹ್ಯಾಂಡಲ್ ಬಗ್ಗೆ ತನಿಖೆ ಶುರು ಮಾಡಿತು. ಮಗುವನ್ನ ಹಿಂದೆ ಕೂರಿಸಿ ಹೊರಗೆ ನಿಂತ ಅಪ್ಪ ಅಮ್ಮಂದಿರಿಗೆ ಬಾಗಿಲು ತೆಗೆಯೋಕೆ ಆಗದೆ, ಕೆಲವರು ಗಾಜು ಒಡೆದಿದ್ರು. ದಾವಣಗೆರೆಯ ಕತೆಯೇ, ಕಾರು ಮಾತ್ರ ದುಬಾರಿ. ಚೀನಾ ಈಗಾಗಲೇ 2027ರ ಜನವರಿಯಿಂದ ಹೊಸ ಕಾರುಗಳ ಬಾಗಿಲಿಗೆ ಕೈಯಿಂದಲೇ ತೆಗೆಯೋ ಯಾಂತ್ರಿಕ ವ್ಯವಸ್ಥೆ ಕಡ್ಡಾಯ ಮಾಡಿದೆ. ನಮ್ಮಲ್ಲೂ ಸೆಂಟ್ರಲ್ ಲಾಕಿಂಗ್ ಕೈಕೊಟ್ಟಾಗ ಕೈಯಿಂದ ಬಿಡಿಸೋ ವ್ಯವಸ್ಥೆ ಇರಬೇಕು ಅನ್ನೋ ನಿಯಮ 2019ರ ಜುಲೈನಿಂದ ಇದೆ. ಆಗಲೇ ಹೊಸ ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು ಅಂತಲೂ ಬಂತು. ಹುಡುಗೀರು ರಾತ್ರಿ ಕ್ಯಾಬ್ ಹತ್ತುವಾಗ ಇದು ನೆನಪಿರಲಿ: ಕೂರೋಕೆ ಮುಂಚೆ ಹಿಂದಿನ ಬಾಗಿಲಿನ ಅಂಚಿನಲ್ಲಿ ಚೈಲ್ಡ್ ಲಾಕ್‌ನ ಸಣ್ಣ ಗುಂಡಿ ಇದೆಯಾ, ಅದು ಯಾವ ಕಡೆ ಇದೆ ಅಂತ ಒಂದ್ಸಲ ಕಣ್ಣಾಡಿಸಿ.

ಬೀಗವನ್ನ ನಾವು ಡಿಸೈನ್ ಮಾಡೋದು ಹೊರಗಿನ ಕಳ್ಳನನ್ನ ತಲೇಲಿಟ್ಕೊಂಡು. ಒಳಗೆ ಸಿಕ್ಕಿಕೊಂಡ ಮಗು, ಮೂರ್ಛೆ ಹೋದ ಡ್ರೈವರ್, ಹೊಗೆಯಲ್ಲಿ ಕಣ್ಣು ಕಾಣದ ಅಜ್ಜಿ ರಿಕ್ವೈರ್‌ಮೆಂಟ್ ಪಟ್ಟಿಯ ಕೊನೇಲಿರ್ತಾರೆ. ಪ್ಲೇಸ್‌ಮೆಂಟ್ ಆಗಿ ನಾಳೆ ಬಾಡಿ ಎಲೆಕ್ಟ್ರಾನಿಕ್ಸ್ ಟೀಮ್‌ನಲ್ಲಿ ಕೂರೋ ಇಸಿ, ಸಿಎಸ್ ಗೆಳೆಯರೇ, ಆ ಪಟ್ಟಿಯ ಕ್ರಮ ಬದಲಾಯಿಸೋದು ನಿಮ್ಮ ಕೈಯಲ್ಲಿದೆ.

"ಓನರ್ ಬಂದು ಜಗಳ ತೆಗೆದ್ರೆ?"

ಈ ವಿಷಯ ಹಾಸ್ಟೆಲ್‌ನಲ್ಲಿ ಮಾತಾಡಿದಾಗೆಲ್ಲ ಬರೋ ಪ್ರಶ್ನೆ ಇದು. ನಿಮ್ಮದೇ ಮನೆ ಕಾರಾದ್ರೆ ಸರಿ, ಬೇರೆಯವರ ಕಾರಿನ ಗಾಜು ಒಡೆದು ಕೇಸ್ ಹಾಕಿಸ್ಕೊಳ್ಳೋದು ಯಾರು? ಭಯ ಸುಳ್ಳಲ್ಲ. ನಮ್ಮಲ್ಲಿ ಗುಂಪು ಸೇರಿದ್ರೆ ಸಹಾಯ ಮಾಡಿದವನೇ ಮೊದಲು ಪೆಟ್ಟು ತಿಂದ ಉದಾಹರಣೆಗಳಿವೆ.

ಕಾನೂನು ಮಾತ್ರ ನೀವು ಅಂದುಕೊಂಡಷ್ಟು ಎದುರಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 19ನೇ ಸೆಕ್ಷನ್ ಇದೆ, ಹಳೇ ಐಪಿಸಿಯಲ್ಲಿ 81 ಆಗಿತ್ತು. ಕೆಟ್ಟ ಉದ್ದೇಶ ಇಲ್ಲದೆ, ಒಬ್ಬರ ಜೀವಕ್ಕೋ ಆಸ್ತಿಗೋ ಆಗೋ ಹಾನಿ ತಪ್ಪಿಸೋಕೆ ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸ, ಅದರಿಂದ ಬೇರೆ ಹಾನಿ ಆಗಬಹುದು ಅಂತ ಗೊತ್ತಿದ್ರೂ, ಅಷ್ಟಕ್ಕೇ ಅಪರಾಧ ಆಗಲ್ಲ ಅನ್ನುತ್ತೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ರಕ್ಷಣೆ ಕೊಡುತ್ತೆ. ಇಂಥ ನೆರವುಗಾರರ ರಕ್ಷಣೆಗೆ ಪ್ರತ್ಯೇಕ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕವೇ, 2016ರಲ್ಲಿ.

ಆದ್ರೂ ಬುದ್ಧಿವಂತಿಕೆ ಇರಲಿ. 112ಕ್ಕೆ ಫೋನ್ ಮಾಡಿ. ಒಬ್ಬರು ವಿಡಿಯೋ ಮಾಡ್ಲಿ, ರೀಲ್ಸ್‌ಗಲ್ಲ, ಸಾಕ್ಷಿಗೆ. ಸುತ್ತ ಇರೋರಿಗೆ ಕೇಳೋ ಹಾಗೆ "ಮಗು ಮಂಕಾಗಿದೆ, ಗಾಜು ಒಡೀತಿದ್ದೀನಿ" ಅಂತ ಜೋರಾಗಿ ಹೇಳಿ. ಒಡೆದು ಓಡಿಹೋಗಬೇಡಿ, ಪೊಲೀಸರು ಬರೋವರೆಗೂ ಅಲ್ಲೇ ಇರಿ. ಇಷ್ಟೆಲ್ಲ ಮಾಡಿದ ಮೇಲೂ ಓನರ್ ಬೈದ್ರೆ ಬೈಸ್ಕೊಳ್ಳಿ. ನಾನಂತೂ ಗಾಜು ಒಡೆಯದೇ ನಿಂತಿದ್ದ ಆ ಇಪ್ಪತ್ತು ನಿಮಿಷಕ್ಕೆ ದಿನಾ ಬೈಸ್ಕೋತಿದ್ದೀನಿ, ನನ್ನಿಂದಲೇ.

ನಮ್ಮ ಕ್ಯಾಂಪಸ್‌ನಲ್ಲಿ ಏನಾಗಬೇಕು

ನಮ್ಮ ಕಾಲೇಜಿನ ಬಾಹಾ ಟೀಮ್‌ನವರು ಗ್ಯಾರೇಜ್ ಹಿಂದೆ ಸ್ಟಾಪ್‌ವಾಚ್ ಹಿಡ್ಕೊಂಡು ಡ್ರೈವರ್‌ನ ಗಾಡಿಯಿಂದ ಹೊರಗೆ ಹಾರಿಸೋದನ್ನ ನೀವು ನೋಡಿರಬಹುದು. ಆ ಸ್ಪರ್ಧೆಯ ನಿಯಮದ ಪ್ರಕಾರ ಬೆಲ್ಟ್ ಕಟ್ಟಿ ಕೂತ ಡ್ರೈವರ್ 5 ಸೆಕೆಂಡ್‌ನಲ್ಲಿ ಹೊರಗೆ ಬರಬೇಕು. ಬರದಿದ್ರೆ ಗಾಡಿ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ. ಬಾಗಿಲೇ ಇಲ್ಲದ ಗಾಡಿಗೆ ಇಷ್ಟು ಪ್ರಾಕ್ಟೀಸ್! ನಾಲ್ಕು ಬಾಗಿಲು, ಸೆಂಟ್ರಲ್ ಲಾಕಿಂಗ್, ಚೈಲ್ಡ್ ಲಾಕ್, ಪವರ್ ವಿಂಡೋ ಇರೋ ಮನೆ ಕಾರಿಗೆ ನಾವು ಮಾಡಿರೋ ಪ್ರಾಕ್ಟೀಸ್ ಎಷ್ಟು? ಸೊನ್ನೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ವಾರಗಟ್ಟಲೆ ಕಬ್ಬಿಣ ಉಜ್ಜಿಸ್ತಾರಲ್ಲ, ಅದರಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಗುಜರಿಯಿಂದ ಗಾಜಿರೋ ನಾಲ್ಕು ಕಾರಿನ ಬಾಗಿಲು, ಒಂದು ಹಳೇ ವಿಂಡ್‌ಶೀಲ್ಡ್ ತರೋದು. ಕನ್ನಡಕ, ಗ್ಲೌಸ್ ಹಾಕಿಸಿ, ಟಫನ್ಡ್ ಗಾಜನ್ನ ಮೂಲೆಗೆ ಹೊಡೆದ್ರೆ ಏನಾಗುತ್ತೆ, ನಡುವೆ ಹೊಡೆದ್ರೆ ಏನಾಗುತ್ತೆ, ಲ್ಯಾಮಿನೇಟೆಡ್ ಯಾಕೆ ಜಗ್ಗಲ್ಲ ಅಂತ ಕಣ್ಣೆದುರು ತೋರಿಸೋದು. ಗಾಜು ಒಡೆಯೋ ಸದ್ದಿಗೆ, ಆ ಏಟು ಕೊಡೋ ಅನುಭವಕ್ಕೆ ಕೈ ಒಂದ್ಸಲ ಒಗ್ಗಿಕೊಂಡ್ರೆ, ಮುಂದೊಂದು ದಿನ ಮಂಟಪದ ಮುಂದೆ ನಿಂತಾಗ ಅದು ಕಾಯ್ತಾ ಕೂರಲ್ಲ.

ಅಲ್ಲೀತನಕ ಈ ವಾರಾಂತ್ಯ ಊರಿಗೆ ಹೋದಾಗ ಮನೆ ಕಾರಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಬೆಲ್ಟ್ ಬಿಚ್ಚಿ ನಾಲ್ಕೂ ಬಾಗಿಲಿಂದ ಹೊರಗೆ ಬಂದು ನೋಡಿ. ಅಮ್ಮನಿಗೆ, ಅಜ್ಜಿಗೂ ಹೇಳಿಕೊಡಿ. ಪುಟ್ಟ ಮಕ್ಕಳಿದ್ರೆ ಹಾರ್ನ್ ಒತ್ತೋದು ಕಲಿಸಿ. ಎಷ್ಟೋ ಕಾರುಗಳಲ್ಲಿ ಕೀ ಇಲ್ಲದಿದ್ರೂ ಹಾರ್ನ್ ಕೂಗುತ್ತೆ. ಗಾಜು ಒಡೆಯೋ ಪಂಚ್ ತಂದ್ರೆ ಡಿಕ್ಕಿಯಲ್ಲಿ ಇಡಬೇಡಿ, ಡ್ರೈವರ್ ಕೈಗೆ ಎಟುಕೋ ಕಡೆ ಇಡಿ. ಮತ್ತೆ, ಕೀ ಆಟದ ಸಾಮಾನಲ್ಲ. ನನ್ನ ಅಳಿಯನ ಕೈಗೆ ಈಗ ಭಾವ ಕೀ ಬಿಟ್ಟು ಬೇರೆ ಏನು ಬೇಕಾದ್ರೂ ಕೊಡ್ತಾರೆ, ತಮ್ಮ ಫೋನ್ ಕೂಡ.

ವರ್ಕ್‌ಶಾಪ್ ಪ್ರಸ್ತಾಪದ ಪತ್ರವನ್ನ ನಾನು, ನನ್ನ ಇಬ್ಬರು ಕ್ಲಾಸ್‌ಮೇಟ್ಸ್ ಸೇರಿ ಎಚ್‌ಓಡಿ ಸರ್‌ಗೆ ಕೊಟ್ಟಿದ್ದೀವಿ. "ನೋಡೋಣ" ಅಂದಿದ್ದಾರೆ. ನಿಮ್ಮ ಊರಿನ ಗುಜರಿಯಲ್ಲಿ ಗಾಜು ಸಮೇತ ಕಾರಿನ ಬಾಗಿಲು ಕಂಡ್ರೆ ಕನ್ನಡ ಸಂಘದ ರೂಮಿಗೆ ಬಂದು ತಿಳಿಸಿ. ಈ ಗಾಜುಗಳನ್ನ ಒಡೆಯೋಕೆ ಮಾತ್ರ ಪರ್ಮಿಷನ್ ಬೇಕು, ಕಾಯ್ತಾ ಇದ್ದೀವಿ.